ಬಾಯಲ್ಲಿ ಕಳಿಸಿದ ತಿದ್ದುಪಡಿ

...ಇಲ್ಲ ಕಣಮ್ಮಿ, ಯಾರ್ಗೂ ಏಳ್ಬ್ಯಾಡ ಅಂದಿದ್ರು ಚರಿತ್ರೆ ಮೇಷ್ಟ್ರು. ಅದ್ಕೇ ಇಷ್ಟು ದಿನ ಬಾಯ್ ಬಿಟ್ಟಿಲ್ಲ. ಇವತ್ತೇ ಮೊದ್ಲು, ನಿಂಗೇ ಮೊದ್ಲು. ಯಳಂದೂರಿಂದ ಬಸ್ಸಲ್ಲಿ ಕುಂತು ಅದ್ನೇ ಉರು ಒಡ್ಕಂಡ್ ಬಂದೀನಿ...

ನಗ್ಬ್ಯಾಡ ಶಿವರತ್ನ! ನಂಗೆ ಮಾತು ಬರಾಕಿಲ್ಲ, ಗೊತ್ತಲ್ಲ. ಆ ಸೊಪ್ಪು ಎಚ್ಚೋದ್ನ ವಸಿ ನಿಲ್ಸು. ರೇಷ್ಮೆ ಉಳ ಎಲ್ಲೂ ಓಡೋಗಾಕಿಲ್ಲ.

ಮೈಸೂರು ಕಾಲೇಜ್ನಲ್ಲಿ ಆ ಮೇಷ್ಟ್ರು ಎಣ್ಮಕ್ಳ ಒಬ್ಬೊಬ್ರನ್ನೇ ಕರ್ದು ಮಾತಾಡ್ತಿರ್ನಿಲ್ಲ, ಜನ ಏನಾರ ಅಂದಾರು ಅಂತ. ನಮ್ ಪೇಪರ್ನೆಲ್ಲ ನನ್ ಕೈಗೇ ಕೊಟ್ಟು, ಯಾರು ಎಲ್ಲಿ ತಪ್ಪಿದ್ರು ಅನ್ನೋದ್ನೂ ನನ್ ಬಾಯಲ್ಲೇ ಕಳಿಸ್ತಿದ್ರಲ್ಲ, ಮುಂದ್ಲ ಬೆಂಚಿನೋಳು ಅಂತ...

ಅರ್ಧವರ್ಸದ ಪರೀಕ್ಷೆ ಪೇಪರ್ ಕೊಟ್ಟ ದಿನ ನಂಗೆ ಏನಂದ್ರು ಗೊತ್ತಾ? "ತಪ್ಪಿಲ್ಲ ಪುಟ್ಟಬಸಮ್ಮ, ಹೋಗಮ್ಮ." ಅಷ್ಟೇಯ! ಅಷ್ಟು ಓದಿದ್ಕೆ ಅಷ್ಟೇಯ!

ಆಮೇಕೆ ನಿನ್ ಪೇಪರ್ ತಗಂಡ್ರು. ಕನ್ನಡಕ ತಗದು ಒರಸ್ಕಂಡ್ರು, ಮತ್ತೆ ಆಕ್ಕಂಡ್ರು... ಮಾತಾಡ್ತಾವ್ರೆ, ಮಾತಾಡ್ತಾವ್ರೆ, ಗಂಟೆ ಒಡುದ್ರೂ ನಿಲ್ಸಾಕಿಲ್ಲ! "ಈ ಹುಡುಗಿ ಸ್ವಂತವಾಗಿ ಯೋಚಿಸ್ತಾಳೆ. ಆದ್ರೆ ಮೊದಲ್ನೇ ಪ್ರಶ್ನೆಗೇ ಊರ ಕತೆಯೆಲ್ಲ ಬರೆದು ಕೊನೇವಕ್ಕೆ ಹೊತ್ತಿಲ್ಲದೆ ಬಿಡ್ತಾಳೆ. ಕೇಳಿದ್ದಕ್ಕೆ ಮೊದಲು ಎರಡು ಸಾಲಲ್ಲಿ ಉತ್ತರ ಬರೀಲಿ. ವಾರಕ್ಕೊಂದು ಬರೆದು ನಿನ್ನ ಕೈಲಿ ಕಳಿಸ್ಲಿ, ತಿದ್ದಿಕೊಡ್ತೀನಿ."

ಒಂದೇ ಒಂದು ತಪ್ಪಾದ್ರೂ ಇರ್ಬಾರ್ದಿತ್ತಾ ನಂದ್ರಲ್ಲಿ, ಅಂಗೆ ಮಾತಾಡಾಕೆ!

ಏನು?... ಆವತ್ತು ಬಂದು ನಿಂಗೆ ಏನಂದೆ ಅಂತಾನಾ?... "ಚೆನ್ನಾಗದಂತೆ, ಇಂಗೇ ಬರೀಬೇಕಂತೆ" ಅಂದೆ. ಮತ್ತೇನ್ ಅನ್ಲಿ? ಯಾರ್ಗೂ ಏಳ್ಬ್ಯಾಡ ಅಂದಿದ್ರಲ್ಲ!

ಅಂಗ್ ನೋಡ್ಬ್ಯಾಡ. ನೀ ಇಂಟರ್ಮೀಡಿಯೆಟ್ ನಪಾಸಾಗ್ತೀಯ ಅಂತ ನಂಗೇನ್ ಗೊತ್ತಿತ್ತು? ನಿಮ್ಮಪ್ಪ ಓದು ಬಿಡ್ಸಿ, ಮದ್ವೆ ಮಾಡಿ ಈ ಕುಂತೂರ್ಗೆ ಕೊಟ್ಬುಡ್ತಾರೆ ಅಂತ ನಂಗೇನ್... ಸೆಪ್ಟೆಂಬರ್ ಪರೀಕ್ಷೆಗೆ ಮತ್ತೆ ಕಟ್ಟು! ನಿಮ್ಮಪ್ಪಂಗೆ ನಾನೇ ಏಳ್ತೀನಿ. ಇವ್ಳ ತಪ್ಪಲ್ಲ, ನಂದೇ... ಅಯ್ಯೋ, ಅವ್ರ ಮುಂದೆ ನಂಗೆ ಬಾಯೇ ಬರಾಕಿಲ್ವಲ್ಲೇ...

ಬಯ್ಯಿ. ಏನಾರ ಅನ್ನು. ಸೊಪ್ಪಿನ ಮೊರ ಎತ್ಕಂಡು ಎಲ್ಗೆ ಎದ್ದೆ?

ಸರಿ, ಸರಿ! "ಅವಳಿಗೆ ಬಿಟ್ಟು ಇನ್ಯಾರಿಗೂ ಹೇಳ್ಬೇಡ, ಉಳಿದೋರು ಬೇಜಾರು ಮಾಡ್ಕೋತಾರೆ" ಅಂದಿದ್ರು. ಸಾಕಾ? ಅವಳಿಗೆ ಬಿಟ್ಟು... ನಿಂಗೆ ಬಿಟ್ಟು...

ಶಿವರತ್ನ? ಉಳದ್ ಮನೆ ಬಾಗ್ಲು ಯಾಕೆ ಆಕ್ಕಂಡೆ? ತಗಿಯಮ್ಮಿ...

ಈಗ ನಂದ್ರಲ್ಲೂ ತಪ್ಪು ಅದೆಯಲ್ಲ... ಏನಾರ ಅನ್ನೇ...

ಅಮ್ಮೀ?...