ಮಗಳು ಓದದೆ ಬಿಟ್ಟ ಪುಟಗಳು

ಕಣ್ಣಿನ ಆಪರೇಷನ್ ಮುಗಿಸಿಕೊಂಡ ದರ್ಜಿಯೊಬ್ಬ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದ ಮುದುಕರೊಬ್ಬರು, ಅವರ ಮಗಳು. ಬೇಡವೆಂದರೂ ಅವರ ಮಾತು ಅವನ ಕಿವಿಗೆ ಬೀಳುತ್ತಿತ್ತು.

"ನಿನ್ನೆ ಗೆಳೆಯ ಫೋನ್ ಮಾಡಿದ್ದ," ಎಂದರು ಮುದುಕರು. "ನಮ್ಮ ಆಕಾಶನೌಕೆ ಸರಣಿಯ ಹೊಸ ಕಾದಂಬರಿ ಓದಿ ಕೆಂಡವಾಗಿದ್ದಾನೆ. ಕ್ಯಾಪ್ಟನ್ ಸಾಯ್ತಾನಂತೆ."

"ಹೊಗಳೋರೂ ಇದ್ದಾರಪ್ಪ. ಓದುಗರಲ್ಲೇ ಎರಡು ಪಂಗಡ ಆಗಿದೆ."

"ನಾನು ಹೇಳ್ತಿರೋದು ಅದಲ್ಲ. ನೀನು ಓದಿ ಹೇಳಿದಾಗ ಕ್ಯಾಪ್ಟನ್ ಮನೆಗೆ ವಾಪಸ್ ಬಂದಿದ್ದ."

ಮಗಳು ಅಪ್ಪನ ಕಡೆ ತಿರುಗಿದಳು.

"ಅದು ನಾನೇ ಕಟ್ಟಿ ಹೇಳಿದ್ದು."

"ಯಾಕಮ್ಮ?"

"ನಾನು ಚಿಕ್ಕವಳಿದ್ದಾಗಿಂದ ಅವನು ನಿನಗೆ ಮನೆಮಗ ಇದ್ದ ಹಾಗೆ. ಆಪರೇಷನ್ ಮುಂದಿಟ್ಟುಕೊಂಡು ಅವನ ಸಾವು ಓದೋಕೆ ಬಾಯಿ ಬರಲಿಲ್ಲ."

"ಕಣ್ಣು ಮಂಜಾಗಿದೆ ಅಷ್ಟೆ. ಕಿವಿಗೂ ಮಂಜು ಕವಿಸಬೇಡ. ಸತ್ತ ಅಂತಾನಾ ಜನಕ್ಕೆ ಅಷ್ಟು ಸಿಟ್ಟು?"

"ಸತ್ತಿದ್ದಕ್ಕಲ್ಲ. ಸಾಯೋ ಮುಂಚೆ ಹೆದರ್ತಾನೆ ಅಪ್ಪ. ಎಲ್ಲರ ಮುಂದೆ ಅಳ್ತಾನೆ. ನಮ್ಮ ಕ್ಯಾಪ್ಟನ್ ಅಂಥವನೇ ಅಲ್ಲ ಅಂತ ಅವರ ವಾದ."

ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು ಕರೆದಳು. ಮುದುಕರು ಎದ್ದರು. ಅವರ ಕಾಲು ನಡುಗುತ್ತಿದ್ದುದನ್ನು ದರ್ಜಿ ಕಂಡ. ತನ್ನನ್ನು ಒಳಗೆ ಕರೆದ ಗಳಿಗೆ ಅವನಿಗೆ ನೆನಪಾಯಿತು.

"ಹಾಗಾದ್ರೆ ಬರೆದವನು ಸರಿಯಾಗೇ ಬರೆದಿದ್ದಾನೆ," ಎಂದರು ಮುದುಕರು. "ಸಂಜೆ ಆ ಪುಟಗಳನ್ನ ಇದ್ದದ್ದು ಇದ್ದ ಹಾಗೆ ಓದು."

"ಓದ್ತೀನಿ."

ಅವರು ಮಗಳ ಭುಜ ತಡಕಿ ಹಿಡಿದರು. ಇಬ್ಬರೂ ನಿಧಾನವಾಗಿ ಒಳಗೆ ಹೋದರು.