ಮೂರನೇ ಕಂಬದ ಹಿಡಿ

ವೇದಿಕೆಯ ಮೇಲಿರುವ ನಿರ್ದೇಶಕರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆ, ಅವರ ಮಗಳೇ, ನಮ್ಮ ರೇಡಿಯೋ ಕೇಂದ್ರದ ಬಂಧುಗಳೇ — ಎಲ್ಲರಿಗೂ ನಮಸ್ಕಾರ. ನಾವೆಲ್ಲ ಅಣ್ಣ ಎನ್ನುತ್ತಿದ್ದ ನಮ್ಮ ಹಿರಿಯ ಎಂಜಿನಿಯರರ ಕೈಕೆಳಗೆ ಟ್ರಾನ್ಸ್‌ಮಿಟರ್ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದವನು ನಾನು. ಈ ಶ್ರದ್ಧಾಂಜಲಿ ಸಭೆಯಲ್ಲಿ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡು ಎಂದಿದ್ದಾರೆ. ಆಡುತ್ತೇನೆ. ಕೆಲವು ನಿಮಗೆ ಹಿಡಿಸದಿರಬಹುದು.

ಬೆನ್ನ ಹಿಂದೆ ನಾವು ಅವರನ್ನು ಏನೆಂದು ಕರೆಯುತ್ತಿದ್ದೆವು? ಸಂಕೋಚ ಬೇಡ — ಅನುಮಾನದಪ್ಪ. ಅತ್ತಿಗೆಗೂ ಗೊತ್ತು ಬಿಡಿ. ಗಂಟೆ ಎಷ್ಟೆಂದು ನಮ್ಮನ್ನೇ ಕೇಳಿ, ಆಮೇಲೆ ತಮ್ಮ ಗಡಿಯಾರವನ್ನು ಹೀಗೆ ಕಿವಿಗೆ ಹಿಡಿಯುವರು. ನಾನು ಮೀಟರು ನೋಡಿ ಬರೆದದ್ದನ್ನು ಕನ್ನಡಕ ಒರೆಸಿಕೊಂಡು ಮತ್ತೆ ನೋಡುವರು. ಒಮ್ಮೆ ರೇಗಿ ಕೇಳಿದೆ: "ನನ್ನ ಮೇಲೆ ನಂಬಿಕೆ ಇಲ್ವಾ ಅಣ್ಣ?" "ನಿನ್ನ ಮೇಲೆ ಇದೆ ಕಣಯ್ಯ. ನಿನ್ನ ಕಣ್ಣಿನ ಮೇಲೆ ಇಲ್ಲ."

ಹೊರಗಿನವರಿಗಾಗಿ ಒಂದು ಮಾತು. ಹಗಲು ನಮ್ಮ ರೇಡಿಯೋ ಸುತ್ತಮುತ್ತಲ ಊರುಗಳಿಗಷ್ಟೇ ಕೇಳುತ್ತದೆ. ಕತ್ತಲಾದ ಮೇಲೆ ಅದೇ ಅಲೆ ಆಕಾಶಕ್ಕೆ ತಾಗಿ ನೂರಾರು ಮೈಲಿ ಆಚೆ ಇಳಿಯುತ್ತದೆ. ಉತ್ತರಕ್ಕೆ ನಮ್ಮದೇ ತರಂಗಾಂತರದಲ್ಲಿ ಇನ್ನೊಂದು ಕೇಂದ್ರವಿದೆ. ಅವರಿಗೆ ತೊಂದರೆಯಾಗದಿರಲೆಂದು, ಸೂರ್ಯ ಮುಳುಗುತ್ತಿದ್ದಂತೆ ನಮ್ಮ ಮೂರು ಪ್ರಸಾರದ ಕಂಬಗಳಿಗೆ ಶಕ್ತಿಯನ್ನು ಅಳೆದು ಹಂಚುತ್ತೇವೆ. ಆಗ ದನಿ ದಕ್ಷಿಣಕ್ಕೆ ಜೋರು, ಉತ್ತರಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಯಾವ ಕಂಬಕ್ಕೆ ಎಷ್ಟು ಹೋಯಿತೆಂದು ಒಂದೊಂದು ಮೀಟರು ತೋರಿಸುತ್ತದೆ; ಅದರ ಮುಳ್ಳು ಗುರುತಿನ ಗೆರೆಯ ಮೇಲಿದ್ದರೆ ಸರಿ. ತಿರುಗಿಸಿ ಹಂಚುವ ಹಿಡಿಗಳು ಅಣ್ಣನವು — ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಹದಿನಾಲ್ಕು ತಿಂಗಳ ಹಿಂದೆ ಉತ್ತರದಿಂದ ದೂರು ಬಂತು. "ನಮ್ಮ ನಿಧನವಾರ್ತೆಯ ಹಿಂದೆ ನಿಮ್ಮ ಸಾಬೂನಿನ ಹಾಡು ಕೇಳುತ್ತಿದೆ." ಮತ್ತೆ ಬಂತು. ಮತ್ತೆ ಮತ್ತೆ ಬಂತು. ಅಷ್ಟರಲ್ಲಿ ಇಲ್ಲಿ ಒಂದು ಮಾತು ಎದ್ದಿತು — ಅನುಮಾನದಪ್ಪನಿಗೆ ವಯಸ್ಸಾಯಿತು, ಸಂಜೆ ಹಂಚಿಕೆ ಬದಲಿಸದೆ ಮನೆಗೆ ಹೋಗಿಬಿಡುತ್ತಾನೆ. ಯಾರ ಬಾಯಲ್ಲಿ ಹುಟ್ಟಿತು ಅದು? ಕ್ಯಾಂಟೀನಿನ ಮೂಲೆ ಮೇಜಿನವರು ಈಗ ನೆಲ ನೋಡುತ್ತಿದ್ದಾರೆ — ನೋಡಿಕೊಳ್ಳಿ. ವಿಚಾರಿಸದೆ ಅಣ್ಣನನ್ನು ಹಳೆಯ ಕಡತಗಳ ಕೋಣೆಗೆ ತಳ್ಳಿದ ಆದೇಶಕ್ಕೆ ಯಾರ ಸಹಿ? ನಿರ್ದೇಶಕರೇ, ನಿಮ್ಮ ಮೇಲೂ ನನಗೆ ಸಂಶಯವಿತ್ತು. ಎಲ್ಲರ ಮೇಲೂ ಇತ್ತು.

ಅಣ್ಣ ಬಿಡಲಿಲ್ಲ. ಭಾನುವಾರ ಭಾನುವಾರ ಅಳತೆಯ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಬಯಲು ಸುತ್ತಿದರು. ಹತ್ತಿರದ ಕಬ್ಬಿಣ ಅಲೆಯ ದಾರಿ ತಪ್ಪಿಸಬಲ್ಲದು ಎಂದು ಎದುರಿನ ಕಟ್ಟಡದ ಕ್ರೇನಿನ ಮೇಲೆ ಅನುಮಾನ, ತಂತಿಬೇಲಿಯ ಮೇಲೆ ಅನುಮಾನ. ನಾವು ನಕ್ಕೆವು. ನಾನೂ ನಕ್ಕೆ.

ಕಳೆದ ಗುರುವಾರ, ಅವರು ಹೋದ ಐದನೆಯ ದಿನ, ದೂರು ಇನ್ನೂ ನಿಲ್ಲದ್ದರಿಂದ, ಮೂರನೇ ಕಂಬದಿಂದ ಮೀಟರಿಗೆ ಬರುವ ತಂತಿಯನ್ನು ಅಗೆದು ತೆಗೆದೆವು. ಜೋಡಣೆಯೊಳಗೆ ನೀರು. ಸುಳ್ಳು ಹೇಳುತ್ತಿದ್ದದ್ದು ಮೀಟರು. ನಾನು ಅಲ್ಲಿಂದ ನೇರ ಮೂರನೇ ಹಿಡಿಯ ಬಳಿಗೆ ಓಡಿದೆ.

ಯಾಕೆಂದರೆ — ಅತ್ತಿಗೆ, ಆ ಮೊದಲ ದೂರಿಗೆ ಸ್ವಲ್ಪ ಮುಂಚೆ ನಿಮಗೆ ಆಪರೇಷನ್ ಆದಾಗ ಅಣ್ಣ ಮೂರು ದಿನ ರಜೆ ಹಾಕಿದ್ದರಲ್ಲ, ಆಗ ಮೂರನೇ ಕಂಬದ ಮುಳ್ಳು ಗೆರೆ ಬಿಟ್ಟು ಜಾರಿತ್ತು. ನಾನು ಹಿಡಿ ತಿರುಗಿಸಿದೆ. ಹೀಗೆ — ನಾಲ್ಕು ಸುತ್ತು. ಮುಳ್ಳು ಗೆರೆಗೆ ಬಂತು. ಕೆಟ್ಟ ಮೀಟರನ್ನು ಸರಿಮಾಡಲು ಹೋಗಿ ಸರಿಯಿದ್ದ ಕಂಬವನ್ನು ಕೆಡಿಸಿದ್ದೆ. ಬೈಸಿಕೊಳ್ಳಬೇಕಲ್ಲ ಎಂದು ಕೋಣೆಯ ದಾಖಲೆ ಪುಸ್ತಕದಲ್ಲಿ ಬರೆಯಲಿಲ್ಲ.

ಮೊದಲ ದೂರು ಬಂದಾಗ ಅಣ್ಣ ಕೇಳಿದರು. "ಮೂರನೇ ಹಿಡಿ ಯಾರೂ ಮುಟ್ಟಿಲ್ಲ ತಾನೆ?"

"ಇಲ್ಲ ಅಣ್ಣ."

"ಸರಿ ಬಿಡು. ನೀನು ಹೇಳಿದ ಮೇಲೆ ಇನ್ನೇನು."

ಎರಡನೇ ಸಲ ಕೇಳಲಿಲ್ಲ. ಗಡಿಯಾರವನ್ನೂ ನಂಬದ ಮನುಷ್ಯ ನನ್ನ ಒಂದು ಮಾತನ್ನು ನಂಬಿದರು. ಹಿಡಿ ಮುಟ್ಟಿಲ್ಲ, ಮುಳ್ಳು ಗೆರೆಯ ಮೇಲಿದೆ — ಅಂದ ಮೇಲೆ ತಪ್ಪು ಹೊರಗೇ ಇರಬೇಕು ಎಂದು ಬಯಲಿಗೆ ಹೋದರು. ನಾನೇ ಕಳಿಸಿದೆ ಅವರನ್ನು. ಅಥವಾ, ಅವರಿಗೆ ಗೊತ್ತಾಗಿತ್ತೇ? ಗೊತ್ತಿದ್ದೂ ನನ್ನ ಕೆಲಸ ಉಳಿಯಲೆಂದು ಸುಮ್ಮನಿದ್ದರೇ? ಈ ಸಂಶಯ ನನ್ನನ್ನು ಬಿಡುವುದಿಲ್ಲ.

ಗುರುವಾರವೇ ಹಿಡಿಯನ್ನು ಹಿಂದಕ್ಕೆ ತಿರುಗಿಸಿದೆ. ಶುಕ್ರವಾರ ಬೆಳಿಗ್ಗೆ ಉತ್ತರದವರು ಫೋನು ಮಾಡಿ, ಸಾಬೂನಿನ ಹಾಡು ಹೋಯಿತು ಎಂದರು. ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ತಂದಿದ್ದೇನೆ — ತಗೊಳ್ಳಿ ನಿರ್ದೇಶಕರೇ. ಅಣ್ಣನ ಮೇಲಿನ ಆದೇಶ ಇಂದೇ ರದ್ದಾಗಬೇಕು. ನನಗೇನು ಶಿಕ್ಷೆಯೋ ಅದನ್ನು ಕೊಡಿ. ಮಗಳೇ, ನಿನ್ನ ಅಪ್ಪ ಕೆಲಸದಲ್ಲಿದ್ದ ಒಂದು ಸಂಜೆಯೂ ಹಂಚಿಕೆ ತಪ್ಪಿಸಲಿಲ್ಲ. ಅವರು ಬದುಕಿರುವಾಗ ಹೇಳುವ ಧೈರ್ಯ ನನಗೆ ಬರಲಿಲ್ಲ. ಕ್ಷಮೆ ಕೇಳುವ ಮುಖವಿಲ್ಲ, ಕೇಳುತ್ತಿಲ್ಲ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಎರಡು ನಿಮಿಷ ಮಾತು ಬೇಡ. ಅತ್ತಿಗೆ — ನೀವು ಏಳಬೇಡಿ. ಆ ಆದೇಶ ಬಂದಂದಿನಿಂದ ನಮ್ಮನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದಿರಿ. ನೀವು ತಲೆ ತಗ್ಗಿಸಿದ್ದು ಸಾಕು. ಕೂತೇ ಇರಿ, ತಲೆ ಎತ್ತಿ ನಮ್ಮನ್ನು ನೋಡಿ. ನಾವು ನಿಲ್ಲುತ್ತೇವೆ.