ಮಗ್ಗುಲು ತಿರುಗಿಸುವ ಪಾಠ

ಪಾಳಿ ಮುಗಿಸಿ ಬಂದ ಆಸ್ಪತ್ರೆಯ ಆಯಾಗಳಿಬ್ಬರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕವೇ ಚಪ್ಪಲಿ ಕಳಚಿ, ಕಾಲು ಚಾಚಿ ಕುಳಿತಿದ್ದರು. ಮಾತು ತೆಗೆದವಳು ಹಿರಿಯಳು.

"ರೋಗಿನ ಮಗ್ಗುಲು ತಿರುಗಿಸೋ ಹೊಸ ವಿಡಿಯೋ ಪಾಠ ಮೊಬೈಲಿಗೆ ಕಳಿಸಿದ್ರಲ್ಲ, ಮುಗಿಸಿದ್ಯೇನೇ?"

"ಮುಗೀತಕ್ಕಾ. ಸರ್ಟಿಫಿಕೇಟೂ ಬಂತು."

"ಮತ್ತೆ ಇವತ್ತು ಸಿಸ್ಟರ್ ಮಾಡಿ ತೋರಿಸು ಅಂದಾಗ ಯಾಕೆ ಕಂಬದ ಥರ ನಿಂತೆ?"

"ನಾನೆಲ್ಲಿ ನೋಡ್ದೆ? ಮನೆಗೆ ಹೋದ್ರೆ ಒಲೆ, ಪಾತ್ರೆ. ಕೊನೇವರೆಗೂ ಓಡಲಿ, ನೋಡ್ಕೊಳ್ಳಿ ಅಂತ ಮೊಬೈಲು ಅತ್ತೆ ಕೈಗೆ ಕೊಟ್ಟಿದ್ದೆ."

"ಕೊನೇಲಿ ಪ್ರಶ್ನೆ ಇರ್ತಾವಲ್ಲ?"

"ಅದನ್ನೂ ಅವರೇ ಒತ್ತಿದ್ರು. ಒಂದೂ ತಪ್ಪಿಲ್ಲ."

"ಅಯ್ಯೋ ನಿನ್ನ!"

"ನಿಲ್ಲಿಸಿ ನಿಲ್ಲಿಸಿ ನೋಡ್ತಾರಕ್ಕಾ. ಒಂಚೂರು ನೋಡೋದು, ಒಳಗೆ ಹೋಗಿ ಮಾವನ್ನ ಹಾಗೇ ತಿರುಗಿಸೋದು, ಮತ್ತೆ ಬಂದು ನೋಡೋದು. ಮಲಗಿದಲ್ಲೇ ಇರೋ ಮಾವನ ಬೆನ್ನಿನ ಹುಣ್ಣು ಈಗ ಒಣಗ್ತಾ ಇದೆ."

ಹಿರಿಯಳು ಬಸ್ಸು ಬರುವ ದಾರಿ ನೋಡಿದಳು.

"ನಾಳೆ ಸಿಸ್ಟರ್ ಮತ್ತೆ ಕೇಳ್ತಾರಲ್ಲ. ಅತ್ತೆನೇ ಕಳಿಸ್ತೀಯಾ ಡ್ಯೂಟಿಗೆ?"

"ಡ್ಯೂಟಿ ಮುಗಿದ ತಕ್ಷಣ ಅತ್ತೆಗೆ ಫೋನ್ ಮಾಡಿ ಹೇಳ್ದೆ. ಚೆನ್ನಾಗಿ ಬೈದ್ರು. ಊಟ ಆದ್ಮೇಲೆ ನಾನು ರೋಗಿ ಥರ ಮಲಗಬೇಕಂತೆ, ಅವರು ತಿರುಗಿಸಿ ತೋರಿಸ್ತಾರಂತೆ."

"ಮತ್ತಿನ್ನೇನು?"

"ಮಲಗಿದ ತಕ್ಷಣ ನಿದ್ದೆ ಬಂದುಬಿಟ್ರೆ?"

ಬಸ್ಸು ಬಂತು. ಹಿರಿಯಳು ಕಾಲಿನಿಂದಲೇ ಚಪ್ಪಲಿ ಹುಡುಕಿಕೊಂಡು ಎದ್ದಳು.

"ಬರಲಿ ಬಿಡೇ. ತಿರುಗಿಸಿದಾಗ ನಿಂಗೆ ಎಚ್ಚರ ಆಗ್ಲಿಲ್ಲ ಅಂದ್ರೆ, ಅತ್ತೆ ಸರಿಯಾಗೇ ಕಲ್ತಿದ್ದಾರೆ ಅಂತ."